ಸ್ಪ್ರೇ ಟ್ಯಾಂಕಿನಲ್ಲಿ ಔಷಧಿ ಕೆಟ್ಟಿತೇ? ಮೊದಲು ಅಲ್ಲಾಡಿಸಿ ನೋಡಿ

ಔಷಧಿ ಹೊಡೆಯುವ ದಿನಗಳಲ್ಲಿ ಸಿಂಧನೂರಿನಿಂದ ಸಿರುಗುಪ್ಪದವರೆಗೆ ಯಾವ ಹೊಲಕ್ಕೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ: "ನೋಜಲ್ ಮತ್ತ ಬಂದ್ ಆತ್ರಿ." ಪಂಪು ಇಳಿಸುತ್ತಾರೆ, ನೋಜಲ್ ಬಿಚ್ಚುತ್ತಾರೆ, ತೊಳೆಯುತ್ತಾರೆ, ಮತ್ತೆ ಹೊರಡುತ್ತಾರೆ. ನಾಲ್ಕು ಸಾಲು ದಾಟುವುದರೊಳಗೆ ಮತ್ತೆ ಅದೇ. ಬೈಗುಳವೆಲ್ಲ ಪಂಪಿಗೆ, ಇಲ್ಲಾಂದ್ರೆ ಔಷಧಿ ಕೊಟ್ಟ ಅಂಗಡಿಗೆ.

ತೊಂದರೆ ಹೆಚ್ಚಾಗಿ ಇರುವುದು ಟ್ಯಾಂಕಿನೊಳಗೆ. ಯಾವುದನ್ನು ಯಾವುದರ ಜೊತೆ, ಯಾವ ನೀರಿನಲ್ಲಿ, ಯಾವ ಸರದಿಯಲ್ಲಿ ಹಾಕಿದಿರಿ ಎನ್ನುವುದರಲ್ಲಿ. ಒಂಬತ್ತನೇ ತರಗತಿಯಲ್ಲಿ ದ್ರಾವಣ, ನಿಲಂಬನ, ಕಲಿಲ ಅಂತ ಓದಿ ಪರೀಕ್ಷೆ ಮುಗಿದ ಮೇಲೆ ಮರೆತ ಪಾಠ ಇದೆಯಲ್ಲ, ಇಲ್ಲಿ ಕೆಲಸಕ್ಕೆ ಬರುವುದು ಅದೇ.

ಕೆಳಗೆ ಹೇಳುವ ಹೆಚ್ಚಿನ ಲಕ್ಷಣಗಳಿಗೆ ಮೊದಲ ಪರೀಕ್ಷೆ ಒಂದೇ, ದುಡ್ಡೂ ಬೇಕಿಲ್ಲ. ಟ್ಯಾಂಕ್ ಬಿಸಿಯಾಗಿ ಗುಳ್ಳೆ ಏಳುತ್ತಿದ್ದರೆ ಮಾತ್ರ ಇದನ್ನು ಮಾಡಬೇಡಿ. ಒಳಗಿರುವುದು ಕಾಣುವಂಥ ಬಾಟಲಿಗೆ ಟ್ಯಾಂಕಿನ ಮಿಶ್ರಣ ಸ್ವಲ್ಪ ತೆಗೆದುಕೊಳ್ಳಿ. ಬಿರಡೆ ಬಿಗಿದು ನಾಲ್ಕೈದು ಸಲ ಮೇಲೆ ಕೆಳಗೆ ಮಾಡಿ. ಬೇರೆಯಾಗಿದ್ದು ಮತ್ತೆ ಕೂಡಿಕೊಂಡಿತೇ? ಹಾಗಾದರೆ ಅದು ಆ ಮಿಶ್ರಣದ ಗುಣ, ಕಲಕುತ್ತಾ ಹೊಡೆದರೆ ಆಯಿತು. ಕೂಡಲಿಲ್ಲವೇ? ಏನೋ ಒಡೆದಿದೆ, ಇಲ್ಲವೇ ಟ್ಯಾಂಕಿನಲ್ಲಿ ಬೇರೆಯೇ ವಸ್ತು ಹುಟ್ಟಿದೆ. ಅದನ್ನು ಬೆಳೆಗೆ ಹೊಡೆಯಬೇಡಿ.

ಕೈ ಹಾಕುವ ಮೊದಲು

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ವಿಷ ಕಡಿಮೆ ಅಂತ ಅರ್ಥ, ಇಲ್ಲವೇ ಇಲ್ಲ ಅಂತಲ್ಲ. ರಬ್ಬರ್ ಗ್ಲೌಸ್, ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಬೇಕು. ಕೋಲಿನಿಂದ ಕಲಕಿ, ಕೈ ಅದ್ದಬೇಡಿ. ಪರೀಕ್ಷೆಗೆ ಬಳಸಿದ ಬಾಟಲಿ, ಬಕೆಟ್, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ನೋಜಲ್ ಅನ್ನು ಬಾಯಿಂದ ಊದುವುದಂತೂ ಬೇಡವೇ ಬೇಡ. ಎಷ್ಟೋ ಜನ ಅನುಭವಸ್ಥರೇ ಇದನ್ನು ಮಾಡುತ್ತಾರೆ, ನೋಡಿದಾಗ ಎದೆ ಝಲ್ ಎನ್ನುತ್ತದೆ.

ನಿಮ್ಮ ಟ್ಯಾಂಕಿನಲ್ಲಿ ಇರುವುದು ಯಾವ ಜಾತಿಯ ಮಿಶ್ರಣ?

ಔಷಧಿಯ ಹೆಸರಿನ ಮುಂದೆ ಒಂದು ಸಂಖ್ಯೆ, ಎರಡು ಅಕ್ಷರ ಇರುತ್ತವೆ. ಆ ಎರಡು ಅಕ್ಷರದಲ್ಲೇ ಅರ್ಧ ಉತ್ತರ ಸಿಗುತ್ತದೆ.

ಎಸ್‌ಎಲ್, ಎಸ್‌ಪಿ, ಎಸ್‌ಜಿ ಅಂತ ಇದ್ದರೆ ಅದು ನೀರಿನಲ್ಲಿ ಕರಗುವಂಥದ್ದು. ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್, ಅಸಿಫೇಟ್ 75 ಎಸ್‌ಪಿ ಇಂಥವು. ಇದು ದ್ರಾವಣ. ಕಣಗಳು 1 ನ್ಯಾನೋಮೀಟರಿಗಿಂತ ಸಣ್ಣವು, ಎಷ್ಟು ಹೊತ್ತು ಬಿಟ್ಟರೂ ತಳಕ್ಕೆ ಇಳಿಯುವುದಿಲ್ಲ.

ಡಬ್ಲ್ಯೂಪಿ, ಡಬ್ಲ್ಯೂಜಿ, ಎಸ್‌ಸಿ ಅಂತ ಇದ್ದರೆ ಅದು ಕರಗುವುದೇ ಇಲ್ಲ. ಮ್ಯಾಂಕೋಜೆಬ್ 75 ಡಬ್ಲ್ಯೂಪಿ, ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಈ ಗುಂಪಿನವು. ನುಣ್ಣಗೆ ಅರೆದ ಕಣಗಳು ನೀರಿನಲ್ಲಿ ತೇಲಾಡುತ್ತಿರುತ್ತವೆ, ಅಷ್ಟೇ. ಇದು ನಿಲಂಬನ. ಕಲಕುವುದು ನಿಲ್ಲಿಸಿದರೆ ಕೆಳಗಿಳಿಯಲು ಶುರು.

ಇಸಿ ಅಂತ ಇದ್ದರೆ ಔಷಧಿ ಎಣ್ಣೆಯಂಥ ದ್ರಾವಕದಲ್ಲಿ ಕರಗಿದೆ, ಜೊತೆಗೆ ಎಣ್ಣೆಯನ್ನು ನೀರಿನಲ್ಲಿ ಹರಡಿ ಹಿಡಿಯುವ ಎಮಲ್ಸಿಫೈಯರ್ ಇದೆ. ನೀರಿಗೆ ಸುರಿದಾಗ ಹಾಲುಬಿಳಿ ಆಗುತ್ತದಲ್ಲ, ಅದು ಎಮಲ್ಷನ್. ಎಣ್ಣೆಯ ಸಣ್ಣ ಹನಿಗಳು ನೀರಿನಲ್ಲಿ ಹರಡಿಕೊಂಡಿವೆ. ಬೇವಿನ ಔಷಧಿಗಳೂ ಬಹಳಷ್ಟು ಈ ಜಾತಿಯವೇ.

ಅಕ್ಷರ ಅಳಿಸಿ ಹೋಗಿದ್ದರೆ ಮೊಬೈಲ್ ಟಾರ್ಚ್ ಸಾಕು. ಒಂದು ಲೋಟ ತಿಳಿನೀರಿಗೆ ಒಂದೆರಡು ಹನಿ ಹಾಕಿ, ನೆರಳಿನಲ್ಲಿ ಇಟ್ಟು ಪಕ್ಕದಿಂದ ಬೆಳಕು ಬಿಡಿ. ಬೆಳಕಿನ ದಾರಿ ಕಾಣದಿದ್ದರೆ ದ್ರಾವಣ. ಬೆಳಕಿನ ಪಟ್ಟೆ ಎದ್ದು ಕಂಡರೆ ಕಣಗಳಿವೆ. ಕಣಗಳು ಕೆಳಗೆ ಕೂತರೆ ನಿಲಂಬನ, ಕೂರದೆ ಬಿಳಿಯಾಗಿ ನಿಂತರೆ ಎಮಲ್ಷನ್. ಪಾಠದಲ್ಲಿ ಟಿಂಡಲ್ ಪರಿಣಾಮ ಅಂದದ್ದು ಇದನ್ನೇ. ಆದರೆ ಒಂದು ಎಚ್ಚರಿಕೆ: ಲೇಬಲ್ ಪೂರ್ತಿ ಓದಲಾಗದಿದ್ದರೆ ಇದು ಯಾವ ಜಾತಿ ಅಂತ ತಿಳಿಯಬಹುದೇ ಹೊರತು ಯಾವ ಔಷಧಿ ಅಂತ ತಿಳಿಯುವುದಿಲ್ಲ. ಅಂಥ ಡಬ್ಬಿ ಬಳಸಲೇಬೇಡಿ.

ಲಕ್ಷಣ: ನೋಜಲ್ ಪದೇ ಪದೇ ಕಟ್ಟುತ್ತಿದೆ

ನೋಜಲ್ ಒಂದನ್ನೇ ಬಿಚ್ಚಿ ಸುಮ್ನಾಗಬೇಡಿ. ಜಾಲರಿಗಳು ಬೇರೆ ಬೇರೆ ಜಾಗದಲ್ಲಿ ಇರುತ್ತವೆ: ಟ್ಯಾಂಕಿನ ಬಾಯಲ್ಲಿ ಒಂದು, ಹಿಡಿಕೆಯಲ್ಲಿ ಒಂದು, ಕೆಲವು ಪಂಪುಗಳಲ್ಲಿ ನೋಜಲ್ ಹಿಂದೆ ಇನ್ನೊಂದು. ಬಾಯಲ್ಲಿರುವ ಜಾಲರಿಯನ್ನು "ನೀರು ಬೇಗ ಇಳಿಯಲ್ಲ" ಅಂತ ಕಿತ್ತು ಬಿಸಾಡಿದ್ದರೆ ಅರ್ಧ ಕಾರಣ ಅಲ್ಲೇ ಸಿಕ್ಕಿತು.

ಜಾಲರಿಯ ಮೇಲೆ ಏನು ಕೂತಿದೆ ನೋಡಿ. ಮರಳು, ಪಾಚಿ, ಕಸ ಇದ್ದರೆ ನೀರಿನದು. ಬಟ್ಟೆಯಲ್ಲಿ ಸೋಸಿ ತುಂಬಿದರೆ ಮುಗಿಯಿತು. ಔಷಧಿಯ ಬಣ್ಣದ ಗಂಟುಗಳಿದ್ದರೆ ಪುಡಿಯನ್ನು ನೇರವಾಗಿ ತುಂಬಿದ ಟ್ಯಾಂಕಿಗೆ ಸುರಿದಿದ್ದೀರಿ. ಗಂಟಿನ ಹೊರಮೈ ನೆನೆಯುತ್ತದೆ, ಒಳಗೆ ಒಣಪುಡಿ ಹಾಗೇ ಉಳಿಯುತ್ತದೆ. ಎಷ್ಟು ಕಲಕಿದರೂ ಬಿಡುವುದಿಲ್ಲ. ಮೊದಲು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಪುಡಿಯನ್ನು ಗಂಟಿಲ್ಲದ ಹಾಗೆ ಕಲಸಿ, ತೆಳು ಮಾಡಿ, ಆಮೇಲೆ ಅರ್ಧ ತುಂಬಿದ ಟ್ಯಾಂಕಿಗೆ ಜಾಲರಿಯ ಮೂಲಕ ಬಿಡಿ.

ಜಾಲರಿಯ ಮೇಲೆ ಬೆಣ್ಣೆ ಬಣ್ಣದ, ಜಿಗುಟಾದ ಪದರ ಸಿಕ್ಕರೆ ಅದು ಬೇರೆ ರೋಗ. "ಒಡೆದ ಹಾಲಿನಂತೆ" ಎನ್ನುವ ಭಾಗ ನೋಡಿ.

ತೊಳೆಯಲು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ತಂತಿ, ಪಿನ್ನು ತೂರಿಸಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಆ ನೋಜಲ್ ಜಾಸ್ತಿ ಔಷಧಿ ಕುಡಿಯುತ್ತಲೇ ಇರುತ್ತದೆ.

ಲಕ್ಷಣ: ಹೊಲದ ಒಂದು ಕಡೆ ಎಲೆ ಸುಟ್ಟಿದೆ, ಇನ್ನೊಂದು ಕಡೆ ಹುಳ ಹಾಗೇ ಇದೆ

ಇದನ್ನು ಹೊಲದಲ್ಲೇ ಓದಬಹುದು. ಟ್ಯಾಂಕ್ ಯಾವ ಸಾಲಿನಲ್ಲಿ ಶುರುವಾಯಿತು, ಎಲ್ಲಿ ಖಾಲಿಯಾಯಿತು ಅಂತ ಹೊಡೆದವರನ್ನು ಕೇಳಿ. ಪ್ರತಿ 16 ಲೀಟರ್ ಟ್ಯಾಂಕ್ ಶುರುವಾದ ಜಾಗದಲ್ಲಿ ಒಂದು ಥರ, ಮುಗಿದ ಜಾಗದಲ್ಲಿ ಇನ್ನೊಂದು ಥರ ಪಟ್ಟೆ ಕಂಡರೆ ಪುಡಿ ತಳಕ್ಕೆ ಇಳಿದಿದೆ. ಬೆನ್ನಿನ ಪಂಪು ನೀರೆಳೆಯುವುದು ತಳದಿಂದ. ನಡುವೆ ಚಹಾಕ್ಕೆ ಕೂತು ಎದ್ದವರ ಸಾಲುಗಳಲ್ಲಿ ಇದು ಇನ್ನೂ ಸ್ಪಷ್ಟ: ಎದ್ದ ಕೂಡಲೇ ಹೊಡೆದ ಕಡೆ ದಟ್ಟ, ಆಮೇಲೆ ನೀರೇ ನೀರು.

ಕಣ ಎರಡು ಪಟ್ಟು ದಪ್ಪವಾದರೆ ಅದು ಇಳಿಯುವ ವೇಗ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸರಿಯಾಗಿ ಕಲಸದ ಪುಡಿ, ತೇವ ತಿಂದು ಗಂಟಾದ ಹಳೆಯ ಪುಡಿ ಬೇಗ ತಳ ಹಿಡಿಯುತ್ತದೆ. ಮುಂಚೆ ಹೇಳಿದ ಬಾಟಲಿ ಪರೀಕ್ಷೆ ಮಾಡಿ. ಅಲ್ಲಾಡಿಸಿದಾಗ ಪೂರ್ತಿ ಮೇಲೆದ್ದರೆ ಚಿಂತೆಯಿಲ್ಲ. ನಿಲ್ಲದೆ ಹೊಡೆಯಿರಿ, ನಿಂತರೆ ಪಂಪು ಕುಲುಕಿ ಹೊರಡಿ. ಕಲಸಿದ್ದನ್ನು ಮರುದಿನಕ್ಕೆ ಇಡಬೇಡಿ, ರಾತ್ರಿಯಿಡೀ ಕೂತ ಗಸಿ ಬೆಳಗ್ಗೆ ಗಟ್ಟಿಯಾಗಿರುತ್ತದೆ. ಹೊಸ ಪುಡಿಯೇ ಕೆಲವೇ ನಿಮಿಷದಲ್ಲಿ ತಳ ಕಂಡು, ಮೇಲೆ ತಿಳಿನೀರು ನಿಂತರೆ ಡಬ್ಬಿಯ ಗುಣಮಟ್ಟವನ್ನೇ ಅನುಮಾನಿಸಬೇಕು.

ಲಕ್ಷಣ: ನೀರಿನ ಮೇಲೆ ಎಣ್ಣೆ ಪದರ ತೇಲುತ್ತಿದೆ

ಇಸಿ ಔಷಧಿಗೆ ಮಾತ್ರ ಬರುವ ತೊಂದರೆ. ಎರಡು ಬಗೆ ಇದೆ. ಮೇಲೆ ದಪ್ಪ ಬಿಳಿ ಕೆನೆ ಕಟ್ಟಿದ್ದು, ಅಲ್ಲಾಡಿಸಿದರೆ ಕೂಡಿಕೊಂಡರೆ ಎಮಲ್ಷನ್ ಇನ್ನೂ ಜೀವಂತ. ಕಲಕುತ್ತಾ ಹೊಡೆಯಿರಿ. ಬಿಳಿ ಅಲ್ಲದೆ ಹೊಳೆಯುವ ಎಣ್ಣೆಯೇ ಮೇಲೆ ನಿಂತು, ಎಷ್ಟು ಕುಲುಕಿದರೂ ಮತ್ತೆ ಮೇಲೇ ಬಂದರೆ ಎಮಲ್ಷನ್ ಮುರಿದಿದೆ. ಆ ಎಣ್ಣೆ ಹನಿ ಎಲೆಯ ಮೇಲೆ ಬಿದ್ದ ಕಡೆ ಸುಟ್ಟ ಚುಕ್ಕೆ ಗ್ಯಾರಂಟಿ.

ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಬೋರ್‌ವೆಲ್ ನೀರನ್ನು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಮಲ್ಸಿಫೈಯರ್ ಕೆಲಸ ಕೆಡಿಸುತ್ತವೆ. ಇಸಿ ಔಷಧಿಗಳನ್ನು ಪರೀಕ್ಷಿಸುವ ಗಡಸು ನೀರಿಗೆ 342 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಎಂಬ ಅಳತೆ ಇದೆ. ಅದಕ್ಕಿಂತ ಗಡಸಾದ ನೀರಿನಲ್ಲಿ ಔಷಧಿ ನಿಲ್ಲುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಮನೆಯಲ್ಲೇ ನೋಡಬೇಕೆಂದರೆ ಆ ನೀರಿನಲ್ಲಿ ಬಟ್ಟೆ ಸೋಪು ತಿಕ್ಕಿ. ನೊರೆ ಬರದೆ ಬಿಳಿ ಗಸಿ ಬಂದರೆ ಗಡಸು. ಅದೇ ಇಸಿಯನ್ನು ಒಂದು ಬಾಟಲಿ ಬೋರ್ ನೀರಿನಲ್ಲಿ, ಒಂದು ಬಾಟಲಿ ಮಳೆನೀರು ಅಥವಾ ಆರ್‌ಒ ನೀರಿನಲ್ಲಿ ಕಲಸಿ ಪಕ್ಕಪಕ್ಕ ಇಡಿ. ಬೋರ್ ನೀರಿನದು ಮಾತ್ರ ಮುರಿದರೆ ನೀರು ಬದಲಿಸಿ. ಎರಡೂ ಮುರಿದರೆ ಔಷಧಿಯೇ ಕೆಟ್ಟಿದೆ.

ಲಕ್ಷಣ: ಒಡೆದ ಹಾಲಿನಂತೆ ಗಡ್ಡೆ ಗಡ್ಡೆಯಾಗಿದೆ

ಇದರ ಮೂಲ ಹೆಚ್ಚಾಗಿ ಒಂದೇ: ಒಂದು ಟ್ಯಾಂಕಿಗೆ ನಾಲ್ಕೈದು ಬಗೆ ಸುರಿಯುವುದು. ಹುಳಕ್ಕೊಂದು, ರೋಗಕ್ಕೊಂದು, ಸತುವಿಗೊಂದು, 19:19:19 ಗೊಬ್ಬರ ಒಂದು ಪಾಕೀಟು, ಮೇಲೆ ಔಷಧಿ ಎಲೆಗೆ ಹಿಡಿಯಲಿ ಅಂತ ಒಂದು ಅಂಟು. ಕೂಲಿ ಉಳಿಯುತ್ತದೆ, ನಿಜ. ಆದರೆ ಹೀಗೆ ಕಾಕ್‌ಟೇಲ್ ಮಾಡಿ ಹೊಡೆದದ್ದರಲ್ಲಿ ಬಹಳಷ್ಟು ಆ ದಿನ ಬೇಕಿರಲೇ ಇಲ್ಲ ಎಂದು ನನ್ನ ಅನಿಸಿಕೆ.

ಮೊದಲು ಹಾಕಿದ ಸರದಿ ನೆನಪಿಸಿಕೊಳ್ಳಿ. ಎಣ್ಣೆ ಮೊದಲು ಹೋಗಿ ಪುಡಿ ಆಮೇಲೆ ಬಿದ್ದರೆ ಎಣ್ಣೆಯ ಹನಿಗಳು ನೆನೆಯದ ಪುಡಿಗೆ ಅಂಟಿಕೊಂಡು ಜಿಗುಟು ಮುದ್ದೆ ಆಗುತ್ತವೆ. ಸರಿಯಾದ ಸರದಿ ಹೀಗೆ: ಅರ್ಧ ಟ್ಯಾಂಕ್ ನೀರು, ಬಕೆಟ್ಟಿನಲ್ಲಿ ಕಲಸಿದ ಡಬ್ಲ್ಯೂಪಿ ಅಥವಾ ಡಬ್ಲ್ಯೂಜಿ, ಆಮೇಲೆ ಎಸ್‌ಸಿ, ಆಮೇಲೆ ಇಸಿ, ಆಮೇಲೆ ಕರಗುವಂಥವು, ಕೊನೆಗೆ ಅಂಟು, ಉಳಿದ ನೀರು. ಒಂದೊಂದು ಹಾಕಿದ ಮೇಲೂ ಕಲಕಬೇಕು. ಲೇಬಲ್ ಬೇರೆ ಹೇಳಿದರೆ ಲೇಬಲ್ ಹೇಳಿದ್ದೇ ಸರಿ.

ಸರದಿ ಸರಿ ಇದ್ದೂ ಗಡ್ಡೆ ಕಟ್ಟಿದರೆ ರಾಸಾಯನಿಕ ಕ್ರಿಯೆ ನಡೆದಿರಬಹುದು. ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಜಿಂಕ್ ಸಲ್ಫೇಟ್ ಅಥವಾ ಮೆಗ್ನೀಸಿಯಂ ಸಲ್ಫೇಟ್ ಸೇರಿದರೆ ಜಿಪ್ಸಂ ಹುಟ್ಟುತ್ತದೆ. ರಂಜಕ ಇರುವ ಗೊಬ್ಬರದ ಜೊತೆ ಕ್ಯಾಲ್ಸಿಯಂ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್, ಸತು ಸೇರಿದರೆ ಜಿಂಕ್ ಫಾಸ್ಫೇಟ್. ಬೇರೆ ಬೇರೆಯಾಗಿ ಎಲ್ಲವೂ ತಿಳಿಯಾಗಿ ಕರಗುವಂಥವೇ, ಕೂಡಿದಾಗ ಕರಗದ ಬಿಳಿ ಗಸಿ. ಇದನ್ನು ಎಷ್ಟು ಅಲ್ಲಾಡಿಸಿದರೂ ಹಿಂದಕ್ಕೆ ಹೋಗುವುದಿಲ್ಲ. ಗಿಡಕ್ಕೆ ಸತುವೂ ಸಿಗಲಿಲ್ಲ, ರಂಜಕವೂ ಸಿಗಲಿಲ್ಲ, ಪಂಪು ಕೆಟ್ಟಿದ್ದು ಬೇರೆ.

ಟ್ಯಾಂಕ್ ತುಂಬುವ ಮೊದಲು ಬಾಟಲಿಯಲ್ಲಿ ನೋಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಒಂದು ಲೀಟರಿನ ಬಾಟಲಿಗೆ ಅದೇ ಹೊಲದ ಅರ್ಧ ಲೀಟರ್ ನೀರು ಹಾಕಿ. ಲೇಬಲ್‌ನಲ್ಲಿ ಒಂದು ಲೀಟರಿಗೆ ಎಷ್ಟು ಹೇಳಿದೆಯೋ ಅಷ್ಟನ್ನೇ, ಅದೇ ಸರದಿಯಲ್ಲಿ ಸೇರಿಸಿ. ಉಳಿದ ನೀರು ತುಂಬಿ, ಬಿರಡೆ ಹಾಕಿ, ಮೆಲ್ಲಗೆ ಬುಡಮೇಲು ಮಾಡಿ. ಗ್ಲೌಸ್ ಹಾಕಿದ ಕೈಯನ್ನು ಬಾಟಲಿಯ ಹೊರಗೆ ಇಟ್ಟು ನೋಡಿ, ಬಿಸಿ ಏರುತ್ತಿದೆಯೇ? ಏರಿದರೆ ಬಿರಡೆ ಸಡಿಲಿಸಿ ಅಲ್ಲಿಗೇ ನಿಲ್ಲಿಸಿ, ಆ ಜೋಡಿ ಬೇಡ. ಇಲ್ಲದಿದ್ದರೆ ಅರ್ಧ ಗಂಟೆ ನೆರಳಿನಲ್ಲಿ ಬಿಡಿ. ಆಮೇಲೆ ಬೆಳಕಿಗೆ ಹಿಡಿಯಿರಿ. ಗೋಡೆಗೆ ಅಂಟಿದ ಕಾಳು, ಕತ್ತಿನ ಹತ್ತಿರ ಎಣ್ಣೆಯ ಬಳೆ, ತಳದಲ್ಲಿ ಬುಡಮೇಲು ಮಾಡಿದರೂ ಬಿಡದ ಬಿಳಿ ಬಿಲ್ಲೆ: ಈ ಮೂರರಲ್ಲಿ ಒಂದು ಕಂಡರೂ ಆ ಜೋಡಿ ಬೇಡ. ತೆಳುವಾಗಿ ಕೂತು ತಿರುಗಿಸಿದ ಕೂಡಲೇ ಎದ್ದರೆ ನೋಟಕ್ಕೆ ಪಾಸು. ನೋಟಕ್ಕೆ ಮಾತ್ರ. ಬೆಳೆ ಸುಡುವುದೋ ಇಲ್ಲವೋ ಬಾಟಲಿ ಹೇಳುವುದಿಲ್ಲ, ಅದಕ್ಕೆ ನಾಲ್ಕು ಗಿಡಕ್ಕೆ ಹೊಡೆದು ಒಂದೆರಡು ದಿನ ಕಾಯಬೇಕು.

ಲಕ್ಷಣ: ಟ್ಯಾಂಕ್ ಬಿಸಿಯಾಗುತ್ತಿದೆ, ಗುಳ್ಳೆ ಏಳುತ್ತಿದೆ, ಘಾಟು ಬದಲಾಗಿದೆ

ಇಲ್ಲಿ ಪರೀಕ್ಷೆ ಇಲ್ಲ. ನಿಲ್ಲಿಸಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಒಳಗೆ ಒತ್ತಡ ಕಟ್ಟಬಹುದು. ಗಾಳಿ ಬರುವ ಕಡೆಗೆ ನಿಂತು, ಮಕ್ಕಳು, ದನಕರು ದೂರ ಇರುವಂತೆ ನೋಡಿಕೊಳ್ಳಿ. "ಇನ್ನೊಂದು ಔಷಧಿ ಹಾಕಿದರೆ ಸರಿಹೋಗುತ್ತೆ" ಎನ್ನುವವರ ಮಾತು ಕೇಳಬೇಡಿ. ತಣ್ಣಗಾದ ಮೇಲೆ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ "ವಿಷ" ಅಂತ ಬರೆದು ಬೀಗ ಹಾಕಿ ಇಟ್ಟು, ಮುಂದೇನು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕೆಟ್ಟ ಮಿಶ್ರಣ ಯಾವುದೇ ಇರಲಿ, ಕಾಲುವೆಗೆ, ಹಳ್ಳಕ್ಕೆ, ಬಾವಿ ಪಕ್ಕಕ್ಕೆ ಸುರಿಯಬಾರದು. ತುಂಗಭದ್ರಾ ಕಾಲುವೆಯ ನೀರನ್ನು ಕೆಳಗಿನ ಊರುಗಳು ಕುಡಿಯುತ್ತವೆ.

ಲಕ್ಷಣ: ನೊರೆ ಉಕ್ಕುತ್ತಿದೆ

ಗಾಬರಿ ಬೇಡ. ಅಂಟು ಜಾಸ್ತಿಯಾಗಿದೆ, ಇಲ್ಲವೇ ಪೈಪನ್ನು ಮೇಲೆ ಹಿಡಿದು ರಭಸವಾಗಿ ನೀರು ಬಿಟ್ಟಿದ್ದೀರಿ. ಪೈಪಿನ ತುದಿ ನೀರಿನೊಳಗೆ ಮುಳುಗಿರಲಿ, ಅಂಟು ಕೊನೆಗೆ ಹಾಕಿ. ಆದರೆ ಪೈಪನ್ನು ಟ್ಯಾಂಕಿನಲ್ಲೇ ಬಿಟ್ಟು ಮೋಟಾರ್ ಬಂದ್ ಮಾಡಬೇಡಿ, ಟ್ಯಾಂಕಿನ ವಿಷ ಹಿಂದಕ್ಕೆ ಬೋರಿಗೆ ಎಳೆದು ಹೋಗಬಹುದು.

ಲಕ್ಷಣ: ಬೋರ್ಡೋ ಹೊಡೆದ ದಾಳಿಂಬೆ ಎಲೆ ಸುಡುತ್ತಿದೆ

ಕುಷ್ಟಗಿ, ಯಲಬುರ್ಗಾ ಕಡೆಯ ತೋಟದವರಿಗೆ ಇದು. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಈ ಮಿಶ್ರಣವನ್ನು 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಬೋರ್ಡೋ ಸೀಮೆಯ ದ್ರಾಕ್ಷಿ ರೋಗಕ್ಕೆ ಅಂತ ಪ್ರಕಟಿಸಿದರು. ಶೇಕಡಾ 1ರ ಮಿಶ್ರಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರಿಗೆ ಹಾಕಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಕಲಕುತ್ತಾ ಬಿಡಬೇಕು. ಆಗ ನೀಲಿ ಬಣ್ಣದ, ನುಣುಪಾದ ಕಣಗಳ ನಿಲಂಬನ ಆಗುತ್ತದೆ.

ಸುಣ್ಣ ಹಳೆಯದಾಗಿ ಸತ್ತಿದ್ದರೆ ತಾಮ್ರ ಪೂರ್ತಿ ಬಂಧಿಯಾಗದೆ ಕರಗಿದ ರೂಪದಲ್ಲೇ ಉಳಿಯುತ್ತದೆ. ಎಲೆ ಸುಡುವುದು ಆ ತಾಮ್ರವೇ. ಪತ್ತೆ ಮಾಡಲು ಹೊಳೆಯುವಂತೆ ಉಜ್ಜಿದ ಕಬ್ಬಿಣದ ಚಾಕು ಸಾಕು. ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಕಂದು ಲೇಪ ಕೂತಿದ್ದರೆ ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ತಂದಿದೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಚಾಕು ಉಜ್ಜಿ ಮತ್ತೆ ಅದ್ದಿ. ಲೇಪ ನಿಲ್ಲುವವರೆಗೂ ಹೀಗೇ. ಸ್ಟೀಲ್ ಚಾಕು ಇದಕ್ಕೆ ಆಗುವುದಿಲ್ಲ. ಮಿಶ್ರಣ ಅವತ್ತೇ ಖಾಲಿಯಾಗಬೇಕು, ನಿಂತರೆ ಕಣಗಳು ದಪ್ಪವಾಗಿ ಎಲೆಗೆ ಅಂಟುವ ಗುಣ ಹೋಗುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಿದರೆ ಏನಾಗುತ್ತದೆ ಅಂತ ಈಗ ನೀವೇ ಹೇಳಬಹುದು.

ಲಕ್ಷಣ: ಎಲ್ಲ ಸರಿ ಕಾಣುತ್ತೆ, ಆದರೆ ಔಷಧಿ ಕೆಲಸ ಮಾಡ್ತಿಲ್ಲ

ಜುಲೈ, ಆಗಸ್ಟ್ ತಿಂಗಳ ಕಾಲುವೆ ನೀರಿನ ಬಣ್ಣ ನೋಡಿದ್ದೀರಲ್ವಾ? ಅದರಲ್ಲಿರುವ ಜೇಡಿ ಕಣಗಳು ಬಹಳ ಸಣ್ಣವು, ಕಲಿಲದ (ದ್ರಾವಣ, ನಿಲಂಬನಗಳ ನಡುವಿನ) ಗಾತ್ರಕ್ಕೆ ಹತ್ತಿರ. ಮೈಮೇಲೆ ಎಲ್ಲಕ್ಕೂ ಒಂದೇ ಋಣ ವಿದ್ಯುದಂಶ, ಹಾಗಾಗಿ ಒಂದನ್ನೊಂದು ದೂಡುತ್ತಾ ತೇಲುತ್ತಲೇ ಇರುತ್ತವೆ. ಪಟಿಕ ಹಾಕಿದಾಗ ನೀರು ತಿಳಿಯಾಗುವುದು ಅದರ ಅಲ್ಯೂಮಿನಿಯಂ ಆ ವಿದ್ಯುದಂಶವನ್ನು ತಣಿಸುವುದರಿಂದ. ಗ್ಲೈಫೋಸೇಟ್, ಪ್ಯಾರಾಕ್ವಾಟ್‌ನಂಥ ಕಳೆನಾಶಕಗಳು ಈ ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಂಡು ನಿಷ್ಪ್ರಯೋಜಕ ಆಗುತ್ತವೆ. ಕಳೆಗೆ ತಲುಪುವ ಮೊದಲೇ ಟ್ಯಾಂಕಿನಲ್ಲೇ ಆಟ ಮುಗಿದಿರುತ್ತದೆ. ಕದಡಿದ ನೀರು ಬಿಟ್ಟು ತಿಳಿನೀರು ಹುಡುಕಿ.

ನೀರು ತಿಳಿ ಇದ್ದೂ ಕೆಲಸ ಆಗದಿದ್ದರೆ ಕ್ಷಾರ ನೋಡಿ. ಸವಳು ಬೋರಿನ ಕ್ಷಾರ ನೀರಿನಲ್ಲಿ ಆರ್ಗನೋಫಾಸ್ಫೇಟ್ (ರಂಜಕ ಇರುವ ಸಾವಯವ ಸಂಯುಕ್ತ) ಗುಂಪಿನ ಕೀಟನಾಶಕಗಳು ನಿಧಾನಕ್ಕೆ ಒಡೆದು ಹೋಗುತ್ತವೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಬಾಟಲಿ ಪರೀಕ್ಷೆಯೂ ಇಲ್ಲಿ ಸೋಲುತ್ತದೆ. ಪಿಹೆಚ್ ಕಾಗದದಲ್ಲಿ ನೋಡಿ, 8 ದಾಟಿದ್ದರೆ ಬೇರೆ ನೀರು ಬಳಸಿ, ಇಲ್ಲವೇ ಕಲಸಿದ ಕೂಡಲೇ ಹೊಡೆದು ಮುಗಿಸಿ. ಇದೇ ಕಾರಣಕ್ಕೆ ಬೋರ್ಡೋ ಜೊತೆ ಕೀಟನಾಶಕ ಕೂಡಿಸಬಾರದು, ಸುಣ್ಣ ಕ್ಷಾರ ಅಲ್ವಾ.

ಲಕ್ಷಣ: ಡಬ್ಬಿಯಲ್ಲೇ ಬೇರೆಯಾಗಿದೆ

ಎಸ್‌ಸಿ ಬಾಟಲಿಯಲ್ಲಿ ಮೇಲೆ ತಿಳಿ, ಕೆಳಗೆ ದಪ್ಪ ಇದ್ದರೆ ಸಹಜ. ಚೆನ್ನಾಗಿ ಕುಲುಕಿ ಬಳಸಿ. ತಳ ಕೋಲಿಗೂ ಬಿಡದಷ್ಟು ಗಟ್ಟಿಯಾಗಿದ್ದರೆ ಬಿಡಿ, ಮೇಲಿನದಷ್ಟೇ ಸುರಿದರೆ ಅಳತೆ ತಪ್ಪುತ್ತದೆ. ಇಸಿ ಡಬ್ಬಿಯಲ್ಲಿ ಹರಳು, ಎರಡು ಪದರ ಕಂಡರೂ ಬೇಡ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ ಇಟ್ಟ ಔಷಧಿ ಅವಧಿಗೆ ಮುಂಚೆಯೇ ಕೆಡಬಹುದು.

ಯಾವಾಗ ಆಸ್ಪತ್ರೆ, ಯಾವಾಗ ಕೃಷಿ ಕೇಂದ್ರ

ಹೊಡೆದವರಿಗೆ ತಲೆನೋವು, ವಾಂತಿ, ಜೊಲ್ಲು, ವಿಪರೀತ ಬೆವರು, ಕಣ್ಣು ಮಂಜು, ಉಸಿರಾಟ ಕಷ್ಟ ಕಂಡರೆ ಕೆಲಸ ಅಲ್ಲಿಗೇ ನಿಲ್ಲಲಿ. ಬಟ್ಟೆ ಬದಲಿಸಿ, ಮೈ ಸೋಪು ಹಚ್ಚಿ ತೊಳೆದು, 108ಕ್ಕೆ ಕರೆ ಮಾಡಿ. ಒಳಗೆ ಹೋಗಿದ್ದರೆ ವಾಂತಿ ಮಾಡಿಸಬೇಡಿ. ಇಸಿಯ ದ್ರಾವಕ ವಾಂತಿಯಲ್ಲಿ ಶ್ವಾಸಕೋಶಕ್ಕೆ ಹೋದರೆ ಇನ್ನೂ ಅಪಾಯ. ಕಣ್ಣಿಗೆ ಸಿಡಿದರೆ 15 ನಿಮಿಷ ತಿಳಿನೀರು ಹರಿಸಿ. ಡಬ್ಬಿ ಅಥವಾ ಲೇಬಲ್ ಆಸ್ಪತ್ರೆಗೆ ಜೊತೆಗೆ ಹೋಗಲೇಬೇಕು.

ಮಿಶ್ರಣದ ಬಗ್ಗೆ ಕೇಳಲು ರಾಯಚೂರು, ಗಂಗಾವತಿ, ಬಳ್ಳಾರಿ ಹತ್ತಿರದ ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಕಿಸಾನ್ ಕಾಲ್ ಸೆಂಟರ್ 1800-180-1551 ಕನ್ನಡದಲ್ಲೂ ಉತ್ತರಿಸುತ್ತದೆ. ಔಷಧಿಯೇ ಕಳಪೆ ಎನ್ನುವ ಅನುಮಾನ ಇದ್ದರೆ 1968ರ ಕೀಟನಾಶಕ ಕಾಯ್ದೆಯಡಿ ಕೃಷಿ ಇಲಾಖೆಯ ಪರಿವೀಕ್ಷಕರು ಅಂಗಡಿಯಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬಹುದು. ಹೋಗುವಾಗ ಡಬ್ಬಿ, ಬಿಲ್ಲು, ಬ್ಯಾಚ್ ನಂಬರ್, ಒಂದು ಬಾಟಲಿ ನಿಮ್ಮ ಹೊಲದ ನೀರು, ಯಾವುದನ್ನು ಯಾವ ಸರದಿಯಲ್ಲಿ ಹಾಕಿದಿರಿ ಎಂದು ಬರೆದ ಚೀಟಿ ತೆಗೆದುಕೊಂಡು ಹೋಗಿ. ಕೆಟ್ಟ ಮಿಶ್ರಣದ ಫೋಟೋ ಕಲಸಿದ ಕೂಡಲೇ ಒಂದು, ಅರ್ಧ ಗಂಟೆ ಬಿಟ್ಟು ಒಂದು ಇದ್ದರೆ ಅವರಿಗೆ ಅರ್ಧ ಕೆಲಸ ಹಗುರ.